ಭತ್ತದ ಪಕ್ಕದ ಓಣಿ

ನಮ್ಮ ಮನೆಯ ಅಟ್ಟದ ಮೇಲೆ ಹತ್ತನೇ ನಂಬರಿನ ಒಂದು ಜೊತೆ ಬೂಟುಗಳಿವೆ. ನನ್ನ ಕಾಲಿಗೆ ಆರನೇ ನಂಬರು ಧಾರಾಳವಾಗಿ ಸಾಕು. ತೆಲುಗು ಸೀಮೆಯ ಗಡಿಗಿರುವ ನಮ್ಮೂರು ಮಕ್ತಲಿನ ಬಜಾರಿನಲ್ಲಿ ಚಪ್ಪಲಿ ಕೊಳ್ಳಲು ಹೋದರೆ ಅಂಗಡಿಯವನ ಕೈ ಮೊದಲು ಹುಡುಗರ ಕಪಾಟಿನ ಕಡೆಗೇ ಹೋಗುತ್ತದೆ. ಆದ್ದರಿಂದ ಆ ಬೂಟು ನನ್ನವಲ್ಲ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅವು ನನ್ನ ಅಕ್ಕ ಗೌರಮ್ಮನ ಮಗಳು ಶಿವಲೀಲಾಳವು. ಅಕ್ಕನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರಲ್ಲಿ ಇಡಲು ಜಾಗವಿಲ್ಲದ್ದೆಲ್ಲ ನಮ್ಮ ಅಟ್ಟ ಸೇರುವುದು ಮೊದಲಿನಿಂದ ನಡೆದು ಬಂದದ್ದು. ಮೊನ್ನೆ ಅಕ್ಕ ತಾನಾಗಿ ಅಟ್ಟ ಹತ್ತಿ, ಬೂಟು ಇಳಿಸಿ, ಯಾರಿಗಾದರೂ ಕೊಟ್ಟುಬಿಡು ಎಂದು ನನ್ನ ಮುಂದಿಟ್ಟಳು. ಕೊಡೋಣ, ಆದರೆ ಅಂಥ ಕಾಲು ಈ ಊರಿನಲ್ಲಿ ಎಲ್ಲಿದೆ? ಧೂಳು ಹೋಗಲೆಂದು ಒಂದನ್ನು ಬೋರಲು ಹಾಕಿ ಬಡಿದೆ. ಒಳಗಿನಿಂದ ನಾಲ್ಕಾರು ಭತ್ತದ ಕಾಳು ಉದುರಿದವು. ಅಕ್ಕ ಅವನ್ನು ಒಂದೊಂದಾಗಿ ಆರಿಸಿ, ಕಣ್ಣಿಗೆ ಒತ್ತಿಕೊಂಡು, ಗುಬ್ಬಿ ತಿನ್ನಲಿ ಎಂದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಆಮೇಲೆ ಬೂಟುಗಳನ್ನು ನಾನೇ ಮತ್ತೆ ಅಟ್ಟಕ್ಕೇರಿಸಿದೆ.

ಅವತ್ತಿನಿಂದ ನನ್ನ ಚಿತ್ತ ಅಂಗಡಿಯಲ್ಲಿಲ್ಲ. ನನ್ನದು ಸೀರೆ ವ್ಯಾಪಾರ. ಗಿರಾಕಿ ಗದ್ವಾಲ ಸೀರೆ ಕೇಳಿದರೆ ನಾರಾಯಣಪೇಟೆಯದನ್ನು ಬಿಚ್ಚಿ ಹರವುತ್ತಿದ್ದೇನೆ. ಅವರು ಮುಖ ನೋಡಿ ನಗುತ್ತಾರೆ, ನಾನೂ ನಗುತ್ತೇನೆ, ಮತ್ತೆ ಅದನ್ನೇ ಮಾಡುತ್ತೇನೆ.

ಶಿವಲೀಲಾ ಈಗ ಚೆನ್ನೈ ಕಡೆಯ ಒಂದು ತಂಡದಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಾಳೆ. ಆಟವೇ ಅವಳ ನೌಕರಿ. ಇದನ್ನು ನಮ್ಮ ಬಜಾರಿನ ಮಂದಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಗಿದೆ. ಸೊಸಿ ಏನು ಮಾಡ್ತಾಳ್ರೀ ಎಂದು ಕೇಳುತ್ತಾರೆ; ಅಕ್ಕನ ಮಗಳನ್ನು ನಮ್ಮ ಕಡೆ ಹಾಗೇ ಕರೆಯುವುದು. ಆಡುತ್ತಾಳೆ ಎಂದರೆ, ಅದು ಸರಿ, ನೌಕರಿ ಏನು ಎನ್ನುತ್ತಾರೆ. ಆಡುವುದೇ ನೌಕರಿ ಎಂದರೆ, ರೈಲ್ವೆಯೋ ಪೊಲೀಸೋ ಎನ್ನುತ್ತಾರೆ. ಎರಡೂ ಅಲ್ಲ ಎಂದ ಮೇಲೆ ಅವರಿಗೆ ನನ್ನ ಮೇಲೆ ಅನುಮಾನ ಶುರುವಾಗುತ್ತದೆ. ಹುಡುಗಿ ಮನೆಯಲ್ಲಿ ಸುಮ್ಮನೆ ಕೂತಿರಬೇಕು, ಇವನು ಮುಚ್ಚಿಡುತ್ತಿದ್ದಾನೆ ಎಂದುಕೊಂಡು, ಪಾಪ, ಎರಡು ವರಗಳ ಹೆಸರನ್ನೂ ಹೇಳಿ ಹೋಗುತ್ತಾರೆ.

ಅವಳ ಎತ್ತರ ನಮ್ಮ ಕಡೆಯಿಂದ ಬಂದದ್ದಲ್ಲ. ನಮ್ಮ ವಂಶದಲ್ಲಿ ಎಲ್ಲರೂ ಸ್ಟೂಲಿನ ಸಹಾಯದಿಂದಲೇ ಬಾಳಿದವರು. ಎತ್ತರ ಬಂದದ್ದು ನಮ್ಮ ಭಾವ ಬಸಪ್ಪನಿಂದ. ಆತ ಪಡಸಾಲೆಯಲ್ಲಿ ನಿಂತರೆ ಬಲ್ಬು ಬದಲಿಸಲು ಏಣಿ ಬೇಡ. ಮಗಳು ಒಂಬತ್ತನೇ ತರಗತಿಗೆ ಬರುವ ಹೊತ್ತಿಗೆ ಅಪ್ಪನ ಭುಜ ದಾಟಿದ್ದಳು. ಇಷ್ಟು ದೊಡ್ಡ ಸೀರೆ ಅಂಗಡಿ ಇಟ್ಟುಕೊಂಡು ಅವಳ ಹಿಮ್ಮಡಿ ಮುಚ್ಚುವ ಒಂದು ಸೀರೆ ನನ್ನಲ್ಲಿ ಸಿಗಲಿಲ್ಲ. ಗದ್ವಾಲಿನ ನೇಕಾರರನ್ನು ಕೇಳಿದರೆ, ಒಬ್ಬ ಹುಡುಗಿಗಾಗಿ ಮಗ್ಗದ ಅಗಲ ಬದಲಿಸಲಾದೀತೇ, ಹುಡುಗಿಗೇ ಸ್ವಲ್ಪ ಬಗ್ಗಿ ನಡೆಯಲು ಹೇಳಿ ಎಂದು ತಮಾಷೆ ಮಾಡಿದರು. ನನಗೆ ಆ ತಮಾಷೆ ಹಿಡಿಸಲಿಲ್ಲ.

ಅವಳು ಆಟ ಕಲಿತದ್ದು ನಮ್ಮೂರ ಶಾಲೆಯ ಸಿಮೆಂಟಿನ ಕೋರ್ಟಿನಲ್ಲಿ. ಅದನ್ನು ಕೋರ್ಟ್ ಎಂದು ಕರೆಯುತ್ತಿದ್ದವರು ಡ್ರಿಲ್ ಮಾಸ್ತರು ಒಬ್ಬರೇ. ಉಳಿದವರಿಗೆ ಅದು ಕಣ. ಜೂರಾಲ ಅಣೆಕಟ್ಟಿನ ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆ ಜೋಳ ಹಿಂದೆ ಸರಿದು ಭತ್ತ ಮುಂದೆ ಬಂತು. ಭತ್ತ ಬೆಳೆದವರಿಗೆ ಅದನ್ನು ಒಣಗಿಸಲು ಗಟ್ಟಿ ನೆಲ ಬೇಕು. ಊರಿನಲ್ಲಿ ಅಷ್ಟು ಅಗಲವಾದ, ಅಷ್ಟು ಸಮನಾದ, ಇಡೀ ದಿನ ಬಿಸಿಲು ಬೀಳುವ ನೆಲ ಇನ್ನೆಲ್ಲಿದೆ? ಭತ್ತ ಎತ್ತಿದರೆ ಶೇಂಗಾ ಬರುತ್ತಿತ್ತು, ಶೇಂಗಾ ಹೋದರೆ ತೊಗರಿ, ಆಮೇಲೆ ಮೆಣಸಿನಕಾಯಿ. ಮೆಣಸಿನಕಾಯಿಯ ಕಾಲದಲ್ಲಿ ಹುಡುಗಿಯರು ಚೆಂಡು ಪುಟಿಸುವ ಸದ್ದಿಗಿಂತ ಸೀನುವ ಸದ್ದೇ ಜಾಸ್ತಿ ಕೇಳುತ್ತಿತ್ತು. ಮಾಸ್ತರು ಶಿಳ್ಳೆ ಊದಲು ಬಾಯಿಗಿಟ್ಟು ತಾವೇ ಸೀನಿಬಿಡುತ್ತಿದ್ದರು.

ಒಂದು ವರ್ಷ ಮಾಸ್ತರಿಗೂ ರೈತರಿಗೂ ತಕರಾರಾಯಿತು. ರೈತರ ಪರವಾಗಿ ಮಾತನಾಡಿದವನು ನಮ್ಮ ಭಾವನೇ. ಅವನ ಮಗಳೇ ಅಲ್ಲಿ ಆಡುವವಳು, ಅವನ ಭತ್ತವೇ ಅಲ್ಲಿ ಒಣಗುವುದು. ಯಾರ ಪರ ನಿಲ್ಲಬೇಕೆಂದು ತಿಳಿಯದೆ ಅಕ್ಕ ಎರಡು ಕಡೆಗೂ ಚಹಾ ಕಳಿಸಿದಳು. ಕೊನೆಗೆ ರಾಜಿಯಾಯಿತು. ರಿಂಗಿನ ಕಡೆಗೆ ಹೊರಟರೆ ಎಡಗಡೆ, ಕಂಪೌಂಡಿನ ಗೋಡೆಗುಂಟ, ಎರಡು ಸೀರೆಗಳನ್ನು ಪಕ್ಕಪಕ್ಕ ಹಾಸಿದಷ್ಟು ಜಾಗ ಹುಡುಗಿಯರಿಗೆ. ಉಳಿದದ್ದೆಲ್ಲ ಭತ್ತಕ್ಕೆ. ನಾನು ಯಾವುದನ್ನೂ ಸೀರೆಯಲ್ಲೇ ಅಳೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹೀಗೆ ಒಂದು ಕಡೆ ಗೋಡೆ, ಇನ್ನೊಂದು ಕಡೆ ಅಪ್ಪನ ಭತ್ತ, ನಡುವಿನ ಓಣಿಯಲ್ಲಿ ನಮ್ಮ ಹುಡುಗಿ. ಕೋಳಿ, ಆಡುಗಳನ್ನು ಓಡಿಸಲು ಭಾವ ಕೋಲು ಹಿಡಿದು ಭತ್ತದಾಚೆ ಕೂತಿರುತ್ತಿದ್ದ. ಚೆಂಡು ಕಾಳಿನೊಳಗೆ ಹಾರಿ ಬಿದ್ದರೆ, ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ಹೋಗಿ ತರಬೇಕು, ಚೆದುರಿದ ಕಾಳನ್ನು ಕೂಡಿಸಿ ಬರಬೇಕು. ಆ ಕಷ್ಟ ಯಾರಿಗೆ ಬೇಕೆಂದು ಅವಳು ಚೆಂಡನ್ನು ಮೊಣಕಾಲಿಗಿಂತ ಮೇಲೆ ಏಳಗೊಡುತ್ತಿರಲಿಲ್ಲ. ಆಟದ ಭರದಲ್ಲಿ ಬೂಟುಗಾಲು ಎಲ್ಲಾದರೂ ಭತ್ತದ ಅಂಚಿಗೆ ತಗುಲಿದರೆ ಅಲ್ಲೇ ಬಗ್ಗಿ, ನೆಲ ಮುಟ್ಟಿ, ಕಣ್ಣಿಗೊತ್ತಿಕೊಂಡು ಮತ್ತೆ ಓಡುತ್ತಿದ್ದಳು. ನಮ್ಮ ಮನೆಗಳಲ್ಲಿ ಅನ್ನ ತುಳಿದರೆ ಹಾಗೆ ಮಾಡದ ಮಕ್ಕಳಿಲ್ಲ. ಅದನ್ನು ಯಾರೂ ಕಲಿಸಿದ ನೆನಪೂ ಇರುವುದಿಲ್ಲ.

ಮೊದಲ ಸಲ ಹೊರಗಿನ ಆಟಕ್ಕೆ ಹೋದದ್ದು ನಾರಾಯಣಪೇಟೆಗೆ. ಭಾವನಿಗೆ ಹೊಲ, ಅಕ್ಕನಿಗೆ ಎಮ್ಮೆ. ನನಗೆ ಹೇಗೂ ಅಲ್ಲಿಯ ಮಗ್ಗದ ಮನೆಗಳಿಗೆ ಹೋಗುವುದಿತ್ತು. ಹಾಗಾಗಿ ಸೀರೆಯ ಗಂಟಿನ ಜೊತೆ ಸೊಸೆಯ ಜವಾಬ್ದಾರಿಯೂ ನನ್ನ ಹೆಗಲೇರಿತು. ಅಲ್ಲಿಯ ಕೋರ್ಟು ಪೂರ್ತಿ ಖಾಲಿ. ಒಂದು ಕಾಳಿಲ್ಲ, ಒಂದು ತಾಡಪತ್ರಿಯಿಲ್ಲ. ಅವಳು ಗೆರೆಯ ಮೇಲೆ ನಿಂತು ಬಹಳ ಹೊತ್ತು ನೋಡಿದಳು.

“ಮಾಮಾ, ಇಲ್ಲಿ ಯಾರೂ ಏನೂ ಒಣಾಕಂಗಿಲ್ಲೇನು?” ಎಂದಳು.

ಇಲ್ಲವಂತೆ, ಇದು ಬರೀ ಆಡಲಿಕ್ಕಂತೆ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಅವತ್ತು ಇಡೀ ಆಟವನ್ನು ಎಡಗಡೆಯ ಗೆರೆಗೆ ಅಂಟಿಕೊಂಡೇ ಆಡಿದಳು. ನನಗಾದರೂ ಆ ಆಟದ ಕಾನೂನು ಎಲ್ಲಿ ಗೊತ್ತಿತ್ತು? ತಳವಿಲ್ಲದ ಬುಟ್ಟಿಗೆ ಚೆಂಡು ಹಾಕಿ, ಅದು ಕೆಳಗೆ ಬಿದ್ದಾಗ ಖುಷಿಪಡುವ ಆಟ ಎಂದಷ್ಟೇ ತಿಳಿದವನು ನಾನು. ಎಡಗಡೆ ಆಡುವುದು ಅವಳ ಕೆಲಸವೇ ಇರಬೇಕೆಂದುಕೊಂಡು ಪಕ್ಕದಲ್ಲಿ ಕೂತವರಿಗೂ ಹಾಗೆಯೇ ವಿವರಿಸಿದೆ. ಅವರು ನನ್ನನ್ನು ತಿಳಿದವನೆಂದು ಭಾವಿಸಿ ಶೇಂಗಾ ಕೊಟ್ಟರು.

ಗದ್ವಾಲಿನಲ್ಲಿ ನಡೆದದ್ದನ್ನು ಮಾತ್ರ ನಾನು ಸಾಯುವವರೆಗೆ ಮರೆಯುವುದಿಲ್ಲ. ಅದು ದೊಡ್ಡ ಪಂದ್ಯ. ಹೈದರಾಬಾದಿನ ಕ್ರೀಡಾ ಹಾಸ್ಟೆಲಿಗೆ ಹುಡುಗಿಯರನ್ನು ಆರಿಸಲು ಒಬ್ಬರು ಬಂದು ಕೂತಿದ್ದರು. ಆಟ ಮುಗಿಯುವ ಹೊತ್ತಿಗೆ ಎರಡೂ ಕಡೆ ಸರಿಸಮ. ಚೆಂಡು ಶಿವಲೀಲಾಳ ಕೈಗೆ ಬಂತು. ಎಡಗಡೆ ಎದುರಾಳಿಗಳು ಗೋಡೆ ಕಟ್ಟಿದ ಹಾಗೆ ನಿಂತಿದ್ದರು. ಬಲಗಡೆ ಪೂರ್ತಿ ಬಯಲು. ನಮ್ಮ ಮಾಸ್ತರು ಗಂಟಲು ಹರಿಯುವಂತೆ ಬಲಕ್ಕೆ ಹೋಗು ಎಂದು ಕೂಗಿದರು. ಬೇರೆ ದಾರಿಯಿಲ್ಲದೆ ಅವಳು ಬಲಕ್ಕೆ ಒಂದು ಹೆಜ್ಜೆ ಇಟ್ಟಳು. ಇಟ್ಟವಳೇ ಗಕ್ಕನೆ ನಿಂತಳು. ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅಷ್ಟರಲ್ಲಿ ಚೆಂಡು ಎದುರಾಳಿಗಳ ಕೈಗೆ ಹೋಗಿ, ಆಚೆಯ ಬುಟ್ಟಿಗೂ ಬಿದ್ದು, ಆಟ ಮುಗಿದೇ ಹೋಯಿತು.

ಮಾಸ್ತರು ಎರಡೂ ಕೈ ತಲೆಯ ಮೇಲಿಟ್ಟುಕೊಂಡು, “ಆಟಲ ಮೊಕ್ಕುಡೇಂದಮ್ಮಾ?” ಎಂದರು. ಆಟದ ನಡುವೆ ಕೈ ಮುಗಿಯುವುದೇನಮ್ಮಾ ಎಂದು ಅವರು ತೆಲುಗಿನಲ್ಲಿ ಕೇಳಿದರು. ಅವಳು ನೆಲ ನೋಡುತ್ತ ಅಳತೊಡಗಿದಳು. ಹೈದರಾಬಾದಿನವರು ಎದ್ದು ಬಂದು, ಈ ಹುಡುಗಿ ಮಾಡಿದ್ದೇನು ಎಂದು ವಿಚಾರಿಸಿದರು. ಮಾಸ್ತರು ಭತ್ತದ ರಾಜಿಯನ್ನೆಲ್ಲ ಹೇಳಿದರು. ಅವರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ನಗು ನಿಲ್ಲಿಸಿ, ಇಷ್ಟು ಎತ್ತರದ ಹುಡುಗಿಯ ಕೈಯಲ್ಲಿ ಚೆಂಡು ಇಷ್ಟು ತಗ್ಗಿನಲ್ಲಿ ಆಡುವುದನ್ನು ತಾವು ನೋಡಿಲ್ಲ, ಇವಳನ್ನು ಕಳಿಸಿ ಎಂದರು. ಸೋತು ಅಳುತ್ತಿದ್ದ ಹುಡುಗಿ ಆಯ್ಕೆಯಾಗಿ ಹೋದಳು, ಗೆದ್ದು ಕುಣಿಯುತ್ತಿದ್ದವರು ಅಲ್ಲೇ ಉಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನನ್ನ ತಲೆಯ ಮೇಲೆ ತಲೆಯಿಟ್ಟು ಮಲಗಿದಳು. ಬೇರೆ ಸೊಸೆಯಂದಿರು ಮಾಮನ ಹೆಗಲಿಗೆ ಒರಗುತ್ತಾರೆ. ನನ್ನ ಹೆಗಲು ಅವಳಿಗೆ ಬಹಳ ಕೆಳಗಾಗುತ್ತಿತ್ತು.

ಹಾಸ್ಟೆಲಿನಲ್ಲಿ ನೆಲಕ್ಕೆ ಬಗ್ಗುವುದನ್ನು ಬಿಡಿಸಿದರು. ಆದರೆ ಎಡಗಡೆಯ ಓಣಿ ಅವಳನ್ನು ಬಿಡಲಿಲ್ಲ. ಕಾಲೇಜು ಮುಗಿಸಿ ಚೆನ್ನೈ ಕಡೆಯ ತಂಡ ಸೇರಿದ ಮೊದಲ ವರ್ಷ ಬಹುಪಾಲು ಬೆಂಚಿನ ಮೇಲೆಯೇ ಕಳೆದಳು. ಪಂದ್ಯಗಳನ್ನು ನಾವು ನನ್ನ ಅಂಗಡಿಯಲ್ಲಿ ಕೂತು ಫೋನಿನಲ್ಲಿ ನೋಡುತ್ತಿದ್ದೆವು. ಅಕ್ಕ, ಭಾವ, ನಾನು, ಮೂರು ತಲೆಗಳು ಒಂದು ಅಂಗೈಯಗಲದ ಪರದೆಯ ಮೇಲೆ. ಚಿತ್ರ ಆಗಾಗ ಕಲಸಿದಂತಾಗುತ್ತಿತ್ತು. ಅಂಗಿಯ ಮೇಲಿನ ನಂಬರು ಕಾಣುತ್ತಿರಲಿಲ್ಲ. ಎಲ್ಲ ಹುಡುಗಿಯರೂ ಉದ್ದ, ಎಲ್ಲರ ಕೂದಲೂ ಬಿಗಿದು ಕಟ್ಟಿದ್ದೇ. ಆದರೂ ನಮ್ಮವಳನ್ನು ಗುರುತಿಸಲು ನಮಗೆ ಕ್ಷಣ ಬೇಕಾಗುತ್ತಿರಲಿಲ್ಲ. ಇಳಿಸಿದರೆ ಸಾಕು, ಸೀದಾ ಎಡಗಡೆಯ ಗೆರೆ ಹಿಡಿಯುತ್ತಿದ್ದಳು. ಅರ್ಧ ಆಟಕ್ಕೆ ತಂಡಗಳು ದಿಕ್ಕು ಬದಲಿಸುತ್ತವೆ, ಆಗ ಅವಳ ಎಡ ಪರದೆಯ ಮೇಲಂಚಿನಿಂದ ಕೆಳಂಚಿಗೆ ಬರುತ್ತದೆ ಎಂಬುದನ್ನೂ ನಾನು ಕಲಿತು ಅಕ್ಕನಿಗೆ ಕಲಿಸಿದ್ದೆ. ನನ್ನ ಬಾಸ್ಕೆಟ್‌ಬಾಲ್ ಪಾಂಡಿತ್ಯದ ತುದಿ ಅದು.

ಒಂದು ಭಾನುವಾರ ಅವಳ ಫೋನು ಬಂತು. ತಂಡದ ಕೋಚ್ ಕೇರಳದ ಹೆಂಗಸು, ಖಡಕ್ಕು, ಆದರೆ ಒಳ್ಳೆಯವರು. ಎಡಗಡೆಯಷ್ಟೇ ಆಡುವವಳನ್ನು ಎಲ್ಲರೂ ಸುಲಭವಾಗಿ ತಡೆಯುತ್ತಾರೆ, ಈ ಹಂಗಾಮು ಮುಗಿಯುವುದರೊಳಗೆ ಎರಡೂ ಕಡೆ ಆಡಲು ಬಾರದಿದ್ದರೆ ಮುಂದಿನ ವರ್ಷ ಇಟ್ಟುಕೊಳ್ಳಲು ಆಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದರಂತೆ. ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು.

“ಆ ಕಡೆ ಹೋಗಾಕ ಯಾಕ ಅಂಜ್ತಿ, ಅಲ್ಲಿ ಏನೈತಿ ಅಂತ ಕೇಳ್ತಾರ ಮಾಮಾ. ಅಲ್ಲಿ ನಮ್ಮಪ್ಪನ ನೆಲ್ಲು ಐತಿ ಅಂತ ನಾ ಅವರಿಗೆ ಹ್ಯಾಂಗ ಹೇಳ್ಲಿ?”

ನಾನು ಧೈರ್ಯ ಹೇಳಿದೆ. ಫೋನಿಟ್ಟ ಮೇಲೆ ನನ್ನೊಳಗೆ ಎದ್ದ ಮಾತು ಬೇರೆಯೇ. ಇಟ್ಟುಕೊಳ್ಳದಿದ್ದರೆ ಬೇಡ, ಬಂದುಬಿಡಲಿ. ಅವಳು ಹೋದ ಮೇಲೆ ರಾಯಚೂರಿನ ಬಸ್ಸು ನಿಂತಾಗಲೆಲ್ಲ ಅಂಗಡಿಯ ಗಲ್ಲಾ ಬಿಟ್ಟು ಮೆಟ್ಟಿಲಿಗೆ ಬರುವುದು ನನಗೆ ಚಟವಾಗಿತ್ತು. ಇಳಿಯುವವರ ತಲೆಗಳ ಮೇಲೆ ಇನ್ನೊಂದು ತಲೆ ಕಂಡೀತೇ ಎಂದು ನೋಡುವುದು. ಅವಳು ಬರುವ ದಿನವಲ್ಲ ಎಂದು ಗೊತ್ತಿದ್ದೂ ನೋಡುವುದು. ಮಕ್ಕಳಿಲ್ಲದ ನನಗೆ ಅವಳನ್ನು ಆಟಕ್ಕೆ ಕರೆದೊಯ್ಯುವುದೇ ಒಂದು ಸಂಸಾರವಾಗಿತ್ತು. ನಾರಾಯಣಪೇಟೆ, ಗದ್ವಾಲು ಎಂದು ಅವಳ ಹಿಂದೆ ತಿರುಗಿದವನಿಗೆ ಈಗ ಆ ಊರುಗಳಲ್ಲಿ ಬರೀ ಸೀರೆ ಉಳಿದಿದೆ. ಅವಳು ಗೆಲ್ಲಲಿ ಎಂದು ದೇವರಿಗೆ ಕಾಯಿ ಒಡೆಸುತ್ತಿದ್ದೆ, ಬರಲಿ ಎಂದು ಬಸ್ಸು ನೋಡುತ್ತಿದ್ದೆ. ಎರಡೂ ಒಟ್ಟಿಗೆ ಆಗುವುದಿಲ್ಲ ಎಂಬಷ್ಟು ತಿಳಿವಳಿಕೆ ನನಗಿತ್ತು.

ಹಂಗಾಮಿನ ನಡುವೆ ಕೆಲವು ದಿನ ರಜೆ ಸಿಕ್ಕಿ ಅವಳು ಊರಿಗೆ ಬಂದಳು. ಆಗತಾನೆ ರಾಶಿಯಾಗಿ, ಕೋರ್ಟಿನ ತುಂಬ ಭಾವನ ಭತ್ತ ಹರಡಿತ್ತು. ಬಂದ ದಿನ ಅವಳು ಬೂಟು ಬಿಚ್ಚಿ, ಅಪ್ಪನ ಜೊತೆ ಬರಿಗಾಲಲ್ಲಿ ಕಾಳಿನೊಳಗೆ ಹೆಜ್ಜೆ ಎಳೆಯುತ್ತ ಭತ್ತ ತಿರುವಿದಳು. ನಮ್ಮ ಕಡೆ ಹಾಗೆ ಕಾಲಿನಿಂದಲೇ ಸಾಲು ಬಿಡಿಸಿ ಒಣಗಿಸುತ್ತಾರೆ. ರಾತ್ರಿ ಊಟದ ಹೊತ್ತಿಗೆ ತಂಡದ ವಿಷಯ ಬಂತು. ಅವಳು ಎಲ್ಲವನ್ನೂ ಹೇಳಿದಳು. ಭಾವ ರೊಟ್ಟಿ ಮುರಿಯುತ್ತ ಕೇಳಿಸಿಕೊಂಡ.

ಮರುದಿನ ಬೆಳಿಗ್ಗೆ ನಾನು ಅಂಗಡಿ ತೆಗೆಯಲು ಹೊರಟರೆ ನಮ್ಮ ಓಣಿಯ ತುಂಬ ಹಸಿ ಭತ್ತ. ಅಕ್ಕನ ಮಾಳಿಗೆಯ ಮೇಲೆ, ನಮ್ಮ ಮಾಳಿಗೆಯ ಮೇಲೆ, ಕಟ್ಟೆಯ ಮೇಲೆ, ಎಲ್ಲಿ ಬಿಸಿಲು ಬೀಳುತ್ತದೋ ಅಲ್ಲೆಲ್ಲ ಭಾವ ರಾತ್ರೋರಾತ್ರಿ ತಾಡಪತ್ರಿ ಹಾಸಿ ಹರವಿದ್ದ. ಕೋರ್ಟಿನ ಒಂದು ದಿನದ ಬಿಸಿಲು ಅವನಿಗೆ ಎಷ್ಟು ಮುಖ್ಯವೆಂದು ನನಗೆ ಗೊತ್ತು. ಹಸಿ ಭತ್ತವನ್ನು ಕೊಳ್ಳುವವರು ಮುಟ್ಟಿ ನೋಡಿ ಪಕ್ಕಕ್ಕಿಡುತ್ತಾರೆ. ಆ ವಾರ ಮೋಡ ಬೇರೆ ಆಡುತ್ತಿತ್ತು. ಆ ಕೋರ್ಟಿಗಾಗಿ ಮಾಸ್ತರ ಹತ್ತಿರ ಜಗಳ ಆಡಿದವನು ಅವನೇ.

ನಾನು ಶಾಲೆಗೆ ಹೋದೆ. ಕೋರ್ಟನ್ನು ಗುಡಿಸಿ ಒಂದು ಕಾಳಿಲ್ಲದಂತೆ ಮಾಡಿದ್ದ. ಶಿವಲೀಲಾ ಚೆಂಡು ಹಿಡಿದು ಗೋಡೆಯ ಪಕ್ಕ ನಿಂತಿದ್ದಳು. ಭಾವ ಬಲಗಡೆಯ ಕೊನೆಯಲ್ಲಿ, ಭತ್ತ ಕಾಯುವಾಗ ಕೂಡುತ್ತಿದ್ದ ಜಾಗದಲ್ಲಿ, ಖಾಲಿ ಸಿಮೆಂಟಿನ ಮೇಲೆ ಕೂತಿದ್ದ. ಅವಳು ಓಡುತ್ತಿದ್ದಳು, ನಡುವಿಗೆ ಬಂದು ತಿರುಗಿ ಗೋಡೆಗೆ ಹೋಗುತ್ತಿದ್ದಳು. ಹಾಗೆಯೇ ಬಹಳ ಸಲ ಆಯಿತು. ಕೊನೆಗೆ ನಡುವಿನಲ್ಲಿ ನಿಂತು, ಆಗವಲ್ದಪ್ಪಾ ಎಂದು ತಲೆ ತಗ್ಗಿಸಿದಳು.

“ಬಾರವ್ವಾ. ಇಲ್ಲಿ ಏನೂ ಇಲ್ಲ ಈಗ. ತುಳಿ,” ಎಂದ ಭಾವ.

ಜೀವಮಾನದಲ್ಲಿ ಆತ ಮಕ್ಕಳಿಗೆ ತುಳಿಯಬೇಡ ಎಂದೇ ಹೇಳಿದವನು. ಆ ಒಂದು ಪದ ಹೇಳಿ, ತನ್ನ ಮುಂದಿನ ನೆಲವನ್ನು ಅಂಗೈಯಿಂದ ಬಡಿದು ತೋರಿಸಿದ. ಶಿವಲೀಲಾ ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಚೆಂಡು ಪುಟಿಸುತ್ತ ನೇರ ಅಪ್ಪನ ಕಡೆಗೆ ಓಡಿದಳು. ರಜೆ ಮುಗಿಯುವವರೆಗೆ ದಿನವೂ ಬೆಳಿಗ್ಗೆ ಇದೇ ನಡೆಯಿತು. ಭಾವ ಅಲ್ಲೇ ಕೂತಿರುತ್ತಿದ್ದ, ಅವಳು ಅವನ ಕಡೆ ಓಡಿ ಬರುತ್ತಿದ್ದಳು. ಅವಳ ಕಾಲಿನ ಸದ್ದು ಕೇಳಲೆಂದು ನಾನು ಅಂಗಡಿಯನ್ನು ತಡವಾಗಿ ತೆಗೆಯುತ್ತಿದ್ದೆ. ಆಮೇಲೆ ಅವಳನ್ನು ರಾಯಚೂರಿನ ಬಸ್ಸಿಗೆ ಹತ್ತಿಸಿ ಬಂದೆವು. ಭಾವ ಭತ್ತವನ್ನು ಮತ್ತೆ ಕೋರ್ಟಿಗೆ ಹೊತ್ತ.

ಹಂಗಾಮಿನ ಕೊನೆಯ ಪಂದ್ಯ ಒಂದು ಸಂಜೆ ಇತ್ತು. ಆಡಿಸುತ್ತಾರಂತೆ ಎಂದು ಮೊದಲೇ ಹೇಳಿದ್ದಳು. ಮೂವರೂ ಅಂಗಡಿಯಲ್ಲಿ ಫೋನಿನ ಮುಂದೆ ಕೂತೆವು. ನಾನು ಯಥಾಪ್ರಕಾರ ಎಡಗಡೆಯ ಗೆರೆಯ ಮೇಲೆ ಕಣ್ಣಿಟ್ಟೆ. ಅಲ್ಲಿ ಯಾರೂ ಇಲ್ಲ. ಸ್ವಲ್ಪ ಹೊತ್ತು ಕಾದೆವು. ಇನ್ನೂ ಬೆಂಚಿನ ಮೇಲೆಯೇ ಇಟ್ಟಿರಬೇಕು ಎಂದ ಭಾವ. ಅಕ್ಕ ಸೆರಗಿನಿಂದ ಪರದೆ ಒರೆಸಿ ಮತ್ತೆ ನೋಡಿದಳು. ಆ ಕಡೆ ಬಲಗಡೆಯಲ್ಲಿ ಯಾವಳೋ ಒಬ್ಬಳು ಉದ್ದನೆಯ ಹುಡುಗಿ ಜೋರಾಗಿ ಆಡುತ್ತಿದ್ದಳು. ಬಲದಿಂದ ನಡುವಿಗೆ, ನಡುವಿನಿಂದ ಎಲ್ಲೆಂದರಲ್ಲಿಗೆ, ಅಂಜಿಕೆಯೆಂಬುದಿಲ್ಲದೆ ನುಗ್ಗುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಇಂಥವಳು ತಂಡದಲ್ಲಿರುವಾಗ ನಮ್ಮ ಹುಡುಗಿಗೆ ಎಲ್ಲಿ ಜಾಗ ಸಿಗಬೇಕು, ನೋಡು ಹೇಗೆ ಮೆರೆಯುತ್ತಾಳೆ ಎಂದು ಬಾಯಿ ಬಿಟ್ಟೇ ಬೈದೆ. ಅಕ್ಕ ಹೂಂಗುಟ್ಟಿದಳು. ಭಾವ ಮುಖ ಆಚೆ ತಿರುಗಿಸಿ ಬೀದಿ ನೋಡತೊಡಗಿದ. ಆ ಹುಡುಗಿ ಬಲಗಡೆಯಿಂದ ಜಿಗಿದು ಚೆಂಡನ್ನು ಬುಟ್ಟಿಗೆ ಹಾಕಿದಳು. ಫೋನಿನೊಳಗಿನ ಮಂದಿ ಹೋ ಎಂದರು. ಆಟ ವಿವರಿಸುವವನು ಮಕ್ತಲಿನ ಶಿವಲೀಲಾ ಎಂದ.

ನಾವು ಮೂವರೂ ಪರದೆಯ ಮೇಲೆ ಬಿದ್ದೆವು. ಅಷ್ಟರಲ್ಲಿ ಹತ್ತು ಹುಡುಗಿಯರೂ ಒಬ್ಬರೊಳಗೊಬ್ಬರು ಕಲಸಿಹೋಗಿದ್ದರು. ಯಾವಳು ನಮ್ಮ ಹುಡುಗಿ ಎಂದು ನನಗೆ ತಿಳಿಯಲಿಲ್ಲ. ಅಕ್ಕ ಒಬ್ಬಳನ್ನು ತೋರಿಸಿದಳು, ಭಾವ ಇನ್ನೊಬ್ಬಳನ್ನು. ಆಟ ಮುಗಿಯುವವರೆಗೆ ನಾವು ಅವಳನ್ನು ಹುಡುಕುತ್ತಲೇ ಇದ್ದೆವು.

ಆಮೇಲೆ ಅವಳದೇ ಫೋನು ಬಂತು. ಉಸಿರು ಇನ್ನೂ ಇಳಿದಿರಲಿಲ್ಲ. ಮುಂದಿನ ವರ್ಷವೂ ಇಟ್ಟುಕೊಳ್ಳುತ್ತಾರಂತೆ, ಕೋಚ್ ಅಪ್ಪಿಕೊಂಡರಂತೆ, ಈ ಸಲ ಊರಿಗೆ ಬರುವುದು ತಡವಾಗುತ್ತದಂತೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅಕ್ಕ ಅಲ್ಲಿಯೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗೂ ಖುಷಿಯಾಯಿತು, ಸುಳ್ಳಲ್ಲ. ಎದೆಯಲ್ಲಿ ಏನೋ ಕಿತ್ತು ತೆಗೆದ ಹಾಗೂ ಆಯಿತು.

“ನಾ ಆ ಕಡೆಯಿಂದ ಹಾಕಿದ್ದು ನೋಡಿದೇನು ಮಾಮಾ? ನಾನ ಅಂತ ನಿಮಗ ಗುರುತು ಸಿಕ್ಕಿತಿಲ್ಲ?” ಎಂದು ಕೇಳಿದಳು.

“ನೋಡಿದ ಕೂಡ್ಲೇ ಗುರುತು ಹಿಡಿದಿವವ್ವಾ,” ಎಂದೆ. ಅಕ್ಕ ಮತ್ತು ಭಾವ ನನ್ನ ಮುಖ ನೋಡಿದರು.